ರಜೋನಿರೋಧಕ ಗುಳಿಗೆಯೂ ಗೃಹಸ್ಥರ ಅವಿಚಾರವೂ

ಕುಶಾಲನಗರದ ಸಮೀಪದಲ್ಲಿ, ಕಾವೇರಿಯ ದಡದ ದುಬಾರೆಯಲ್ಲಿ ಅರಣ್ಯ ಇಲಾಖೆಯವರ ಆನೆಯ ಶಿಬಿರವಿರುವುದು ವಾಚಕರೆಲ್ಲರೂ ಬಲ್ಲ ಸಂಗತಿಯೇ. ಅಲ್ಲಿಯ ಗಂಡಾನೆಗೆ ಮದವೇರಿ, ಕಣ್ಣಿಗೂ ಕಿವಿಗೂ ನಡುವಣ ಗ್ರಂಥಿಯಿಂದ ಮದೋದಕವು ಸೋರತೊಡಗಿತೆಂದರೆ, ಮಾವುತರು ಅದನ್ನು ಕೆಲಸದಿಂದ ಬಿಡಿಸಿ ಬೇರೆಯಾಗಿ ಕಟ್ಟಿ ಮದವಿಳಿಯುವುದನ್ನು ಕಾಯುವರು. ಕಾಯುವುದೆಂದರೆ ಒಂದೆರಡು ದಿನವಲ್ಲ. ವಾರಗಳು, ಕೆಲವೊಮ್ಮೆ ತಿಂಗಳುಗಳೇ ಕಳೆಯುವುವು. ಆ ಕಾಲದಲ್ಲಿ ಆನೆಯ ರಕ್ತದಲ್ಲಿ ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನು ಹಲವು ಮಡಿ ಏರಿರುವುದೆಂದು ಈಗಿನವರು ಅಳೆದು ಹೇಳುತ್ತಾರೆ. ಪಾಲಕಾಪ್ಯನ ಹೆಸರಿನ ಹಸ್ತ್ಯಾಯುರ್ವೇದವನ್ನೂ ನೀಲಕಂಠನ ಮಾತಂಗಲೀಲೆಯನ್ನೂ ಬರೆದವರು ಆ ಹೆಸರನ್ನು ಕೇಳಿದವರಲ್ಲ. ಆದರೂ ದೇಹಕ್ಕೆ ತನ್ನದೇ ಆದ ಋತುವೊಂದುಂಟೆಂಬುದನ್ನು ಅವರು ಮರೆಯಲಿಲ್ಲ. ಹೆಣ್ಣಾನೆಯ ವಿಷಯದಲ್ಲಿಯೂ ಹಾಗೆಯೇ. 2022ರ ಸೆಪ್ಟೆಂಬರಿನಲ್ಲಿ ದಸರೆಗೆಂದು ಮೈಸೂರಿನ ಅರಮನೆಗೆ ಕರೆತಂದಿದ್ದ ಲಕ್ಷ್ಮಿಯೆಂಬ ಆನೆ ಅಲ್ಲಿಯೇ ಮರಿಹಾಕಿದ ಬಳಿಕ, ಹೆಣ್ಣಾನೆಗಳನ್ನು ಉತ್ಸವಕ್ಕೆ ಆರಿಸುವ ಮೊದಲು ಗರ್ಭಪರೀಕ್ಷೆ ಮಾಡಿಸುತ್ತ ಬಂದಿದ್ದಾರೆ. ಆನೆಯನ್ನು ಉತ್ಸವಕ್ಕೆ ಕಳುಹುವಾಗ ಇರುವ ಈ ವಿವೇಕವು ಮನೆಯ ಹೆಣ್ಣುಮಗಳನ್ನು ಉತ್ಸವಕ್ಕೆ ಹೊರಡಿಸುವಾಗ ಎಲ್ಲಿ ಅಡಗುವುದು?

ನಡೆಯುತ್ತಿರುವುದೇನೆಂಬುದು ಯಾವ ಮನೆಯವರಿಗೂ ಗುಟ್ಟಲ್ಲ. ಮದುವೆಯ ಲಗ್ನಪತ್ರಿಕೆ ಬಂದೊಡನೆ, ತಲಕಾವೇರಿಯ ತೀರ್ಥೋದ್ಭವದ ಮುಹೂರ್ತವು ಪ್ರಕಟವಾದೊಡನೆ, ಮನೆಯ ಹಿರಿಯಳು ಬೆರಳೆಣಿಸಿ ನೋಡುವಳು. ಸೊಸೆಯೋ ಮಗಳೋ ಆ ದಿನಕ್ಕೆ ಸರಿಯಾಗಿ ಹೊರಗಾಗುವಳೆಂದು ತೋರಿದರೆ, 'ಅದಕ್ಕೊಂದು ಮಾತ್ರೆಯಿದೆಯಲ್ಲ' ಎಂದು ಯಾರನ್ನಾದರೂ ಅಂಗಡಿಗೆ ಓಡಿಸುವಳು. ಓಡಿಹೋದವನು ಹೆಸರು ಹೇಳಲೂ ನಾಚುವನು. ಅಂಗಡಿಯವನು ಏನನ್ನೂ ಕೇಳದೆ ಕಾಗದದಲ್ಲಿ ಸುತ್ತಿ ಕೊಡುವನು. ಯಾರು ನುಂಗಬೇಕೋ ಅವಳನ್ನು ವೈದ್ಯನೂ ಕಾಣಲಿಲ್ಲ, ಅಂಗಡಿಯವನೂ ಕಾಣಲಿಲ್ಲ. ಇನ್ನು ಕೆಲವೆಡೆ ಅಂಗಡಿಯ ತನಕವೂ ಹೋಗಬೇಕಾಗಿಲ್ಲ; ಓರಗಿತ್ತಿಗೆ ಯಾವುದೋ ಗರ್ಭಾಶಯದ ವ್ಯಾಧಿಗೆಂದು ಡಾಕ್ಟರು ಬರೆದುಕೊಟ್ಟ ಗುಳಿಗೆಯಲ್ಲಿ ಮಿಕ್ಕಿದ್ದು ಈಕೆಯ ಪಾಲಿಗೆ ಬರುವುದು. ಉಪ್ಪಿನಕಾಯಿಯನ್ನು ಹಂಚಿಕೊಂಡಂತೆ ಔಷಧವನ್ನು ಹಂಚಿಕೊಳ್ಳುವ ಈ ಔದಾರ್ಯವನ್ನು ಏನೆಂದು ಹೊಗಳಬೇಕು!

ಆ ಗುಳಿಗೆ ಕಷಾಯದ ಪುಡಿಯಲ್ಲ. ನಾರ್‌ಎಥಿಸ್ಟಿರೋನ್ ಎಂಬ ಅದನ್ನು 1951ರಲ್ಲಿ ಮೆಕ್ಸಿಕೊ ದೇಶದ ಸಿಂಟೆಕ್ಸ್ ಸಂಸ್ಥೆಯಲ್ಲಿ ಲೂಯಿಸ್ ಮಿರಾಮೊಂಟೆಸ್ ಎಂಬ ತರುಣ ರಸಾಯನಜ್ಞನು ಸಿದ್ಧಪಡಿಸಿದನು. ಸ್ತ್ರೀದೇಹದಲ್ಲಿ ತಿಂಗಳಿನ ಉತ್ತರಾರ್ಧದಲ್ಲಿ ಪ್ರೊಜೆಸ್ಟಿರೋನ್ ಎಂಬ ಹಾರ್ಮೋನು ಹುಟ್ಟಿ ಗರ್ಭಾಶಯದ ಒಳಪದರವನ್ನು ನಿಲ್ಲಿಸಿರುವುದು. ಗರ್ಭ ನಿಲ್ಲದಿದ್ದಲ್ಲಿ ಅದು ಇಳಿದು, ಪದರವು ಕಳಚಿ ರಜಸ್ಸಾಗುವುದು. ಈ ಗುಳಿಗೆಯು ಆ ಹಾರ್ಮೋನಿನ ಸ್ಥಾನದಲ್ಲಿ ನಿಂತು ಪದರವನ್ನು ಕಳಚಗೊಡದು. ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಮುಟ್ಟು ಬರುವುದು. ಔಷಧವು ಒಳ್ಳೆಯದೇ. ಅತಿರಕ್ತಸ್ರಾವದಿಂದ ಬಿಳಿಚಿಕೊಂಡವರಿಗೂ, ಒಳಪದರದಂತಹ ಅಂಶವು ಗರ್ಭಾಶಯದ ಹೊರಗೆ ಬೆಳೆದು ಪ್ರತಿ ತಿಂಗಳೂ ವೇದನೆಯಿಂದ ಹೊರಳುವವರಿಗೂ ಅದರಿಂದ ಉಪಕಾರವಾಗಿದೆ. ಅರಿತು ಕೊಟ್ಟ ಔಷಧವನ್ನು ಚರಕನು ಅಮೃತದ ಪಂಕ್ತಿಯಲ್ಲಿಯೂ ಅರಿಯದೆ ಕೊಟ್ಟುದನ್ನು ವಿಷದ ಪಂಕ್ತಿಯಲ್ಲಿಯೂ ಕೂರಿಸಿದ್ದಾನೆ. ಇಲ್ಲಿ ಜಗಳವಿರುವುದು ಗುಳಿಗೆಯ ಮೇಲಲ್ಲ, ಅರಿಯದೆ ಕೊಡುವವರ ಮೇಲೆ.

ಅರಿಯಬೇಕಾದುದೇನು? ಈ ಗುಳಿಗೆಯ ಒಂದಂಶವು ದೇಹದೊಳಗೆ ಈಸ್ಟ್ರೋಜನ್ ಜಾತಿಯ ಮತ್ತೊಂದು ವಸ್ತುವಾಗಿ ಮಾರ್ಪಡುವುದು. ಅದರಿಂದ ರಕ್ತವು ನಾಳದೊಳಗೆ ಹೆಪ್ಪುಗಟ್ಟುವ ಸಂಭವವು ಹೆಚ್ಚುವುದು. ಆದಕಾರಣ ಹಿಂದೆ ಕಾಲಿನಲ್ಲಾಗಲಿ ಶ್ವಾಸಕೋಶದಲ್ಲಾಗಲಿ ಹೆಪ್ಪುಗಟ್ಟಿದವರು, ಹೃದಯಾಘಾತವನ್ನೋ ಪಾರ್ಶ್ವವಾಯುವನ್ನೋ ಕಂಡವರು, ಯಕೃತ್ತಿನ ತೀವ್ರರೋಗವುಳ್ಳವರು, ಸ್ತನದ ಕ್ಯಾನ್ಸರಿಗೆ ಗುರಿಯಾದವರು, ಗರ್ಭಿಣಿಯರು, ಕಾರಣ ತಿಳಿಯದ ರಕ್ತಸ್ರಾವವುಳ್ಳವರು ಇದನ್ನು ಮುಟ್ಟಲಾಗದು. ಕಣ್ಣಮುಂದೆ ಮಿಂಚು ಕುಣಿದು ಅರೆತಲೆನೋವು ಬರುವವರೂ, ಸ್ಥೂಲಕಾಯರೂ, ಧೂಮಪಾನದ ಅಭ್ಯಾಸವುಳ್ಳವರೂ, ಈಚೆಗೆ ಶಸ್ತ್ರಕ್ರಿಯೆಯಾದವರೂ, ಒಡಹುಟ್ಟಿದವರಿಗೋ ತಾಯಿಗೋ ಹೆಪ್ಪಿನ ರೋಗವಿದ್ದವರೂ ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರಕ್ಕೆ ಕೊಡುವ ಫಿನೈಟಾಯಿನ್, ಕಾರ್ಬಮಜೆಪಿನ್ ಇವು ಇದರ ಬಲವನ್ನು ಕುಗ್ಗಿಸುವುವು. ವಾಡಿಕೆಯಲ್ಲಿ ಡಾಕ್ಟರು 5 ಮಿಲಿಗ್ರಾಮಿನ ಗುಳಿಗೆಯನ್ನು ದಿನಕ್ಕೆ ಮೂರು ಸಲದಂತೆ, ಮುಟ್ಟಿನ ದಿನಕ್ಕೆ 3 ದಿನ ಮೊದಲು ಆರಂಭಿಸಿ, ಕೆಲವೇ ದಿನ ಕೊಡುವರು. ಮುಟ್ಟು ಆರಂಭವಾದ ಮೇಲೆ ನುಂಗಿದರೆ ಫಲವಿಲ್ಲ. ಒಂದು ತಪ್ಪಿತೆಂದು ನಾಲ್ಕನ್ನು ಒಟ್ಟಿಗೆ ನುಂಗುವುದು ಮೌಢ್ಯ. ಹೀಗೆ ತೆಗೆದುಕೊಂಡರೆ ಗರ್ಭವೂ ನಿಲ್ಲದೆಂದು ನಂಬುವುದು ಮತ್ತೊಂದು ಮೌಢ್ಯ. ನುಂಗುತ್ತಿರುವಾಗ ಒಂದೇ ಕಾಲು ಊದಿ ನೋಯುವುದು, ಉಸಿರು ಸಿಕ್ಕುವುದು, ಎದೆನೋವು, ಹಠಾತ್ತಾಗಿ ದೃಷ್ಟಿ ಮಸಕಾಗುವುದು, ಹಿಂದೆಂದೂ ಕಾಣದ ತಲೆನೋವು, ಕಾಮಾಲೆ, ಇವುಗಳಲ್ಲಿ ಯಾವುದು ಕಂಡರೂ ಗುಳಿಗೆಯನ್ನು ಬಿಟ್ಟು ಆಗಿಂದಾಗಲೇ ಆಸ್ಪತ್ರೆಗೆ ಹೋಗತಕ್ಕದ್ದು. ಮಿಂದ ಮೇಲೆ ನೋಡೋಣ, ಊಟದ ಪಂಕ್ತಿ ಎದ್ದ ಮೇಲೆ ನೋಡೋಣ ಎಂಬುದು ಸಲ್ಲದು. ಆದರೆ ವ್ಯಾಧಿಗಾಗಿ ಡಾಕ್ಟರು ತಿಂಗಳುಗಟ್ಟಲೆ ಕೊಟ್ಟಿರುವ ಗುಳಿಗೆಯನ್ನು, ಇಂತಹ ಅಪಾಯದ ಲಕ್ಷಣವಿಲ್ಲದಿರುವಲ್ಲಿ, ನೆರೆಯವರ ಮಾತು ಕೇಳಿ ನಡುವೆ ನಿಲ್ಲಿಸುವುದೂ ತರವಲ್ಲ.

'ಎಷ್ಟೋ ಜನ ನುಂಗಿದ್ದಾರೆ, ಯಾರಿಗೇನಾಯಿತು?' ಎಂದು ಕೇಳುವವರುಂಟು. ಬಹುಮಂದಿಗೆ ಏನೂ ಆಗದೆಂಬುದು ನಿಜ. ಆಗುವ ಒಬ್ಬಳು ಯಾರೆಂಬುದನ್ನು ಮೊದಲೇ ಕಂಡುಹಿಡಿಯುವುದಕ್ಕಾಗಿಯೇ ವೈದ್ಯನ ನಾಲ್ಕು ಪ್ರಶ್ನೆಗಳಿರುವುದು. ನಲವತ್ತು ದಾಟಿದವಳಿಗೆ ಅಕಾಲದಲ್ಲಿ ರಕ್ತ ಕಾಣುತ್ತಿದ್ದರೆ ಅದು ಗರ್ಭಾಶಯದ ಕ್ಯಾನ್ಸರಿನ ಮೊದಲ ಸೂಚನೆಯೂ ಆಗಿರಬಹುದು. ಗುಳಿಗೆಯಿಂದ ಅದನ್ನು ಮುಚ್ಚಿ ಹಬ್ಬ ಮಾಡಿದವರು ಏನನ್ನು ಮುಚ್ಚಿದರು?

ಇನ್ನು ಶಾಸ್ತ್ರದ ಮಾತು. ರಜಸ್ವಲೆಯ ಅಶೌಚವು ಈ ಕಾಲಕ್ಕೆ ಬೇಕೇ ಬೇಡವೇ ಎಂಬ ಚರ್ಚೆ ಬೇರೆ. ಅದನ್ನು ನಡೆಯಿಸುವವರು ನಡೆಯಿಸಲಿ. ಆದರೆ ಶಾಸ್ತ್ರದ ಹೆಸರನ್ನು ಹೇಳಿ ಗುಳಿಗೆಯನ್ನು ನುಂಗಿಸುವವರು ಶಾಸ್ತ್ರವನ್ನು ಓದಿದವರಲ್ಲ. ಮೂರು ರಾತ್ರಿಗಳನ್ನೂ ನಾಲ್ಕನೆಯ ದಿನದ ಸ್ನಾನವನ್ನೂ ಹೇಳಿದ ಧರ್ಮಶಾಸ್ತ್ರವು ರಜಸ್ಸನ್ನು ತಡೆಯಬೇಕೆಂದು ಹೇಳಲಿಲ್ಲ. ವ್ರತಮಧ್ಯದಲ್ಲಿ ಹೊರಗಾದವಳು ಉಪವಾಸಾದಿ ನಿಯಮಗಳನ್ನು ತಾನು ನಡೆಯಿಸಿ ಪೂಜೆಯನ್ನು ಅನ್ಯರಿಂದ ಮಾಡಿಸಬಹುದೆಂದು ನಿಬಂಧಕಾರರು ದಾರಿ ತೋರಿಸಿದ್ದಾರೆ. ಅಷ್ಟೇ ಅಲ್ಲ, ಮಳೆಗಾಲದ ಹೊಸನೀರಿನ ಕಾಲದಲ್ಲಿ ನದಿಗಳಿಗೂ ರಜೋದೋಷವನ್ನು ಹೇಳಿ, ಆಗ ಸ್ನಾನವನ್ನು ನಿಷೇಧಿಸಿದ್ದಾರೆ. ದುಬಾರೆಯಲ್ಲಿ ಕಾವೇರಿಯು ಕೆಂಪಗೆ ಉಕ್ಕಿ ಹರಿಯುವಾಗ ದೋಣಿಯನ್ನು ನಿಲ್ಲಿಸಿ ನೀರಿಳಿಯುವುದನ್ನು ಕಾಯುವರೇ ಹೊರತು, ನದಿಗೆ ಗುಳಿಗೆ ಹಾಕುವವರನ್ನು ಯಾರೂ ಕಂಡಿಲ್ಲ.

ಅಂಗಡಿಯವರ ಪಾಲೂ ಇದರಲ್ಲಿ ಅಲ್ಪವಲ್ಲ. 1945ರ ಔಷಧ ನಿಯಮಗಳು ಇಂದಿಗೂ ಜೀವಂತವಾಗಿವೆ. ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬ ಎಚ್ಚರಿಕೆಯು ಆ ಗುಳಿಗೆಯ ಪಟ್ಟಿಯ ಮೇಲೆಯೇ ಅಚ್ಚಾಗಿರುವುದು. ಅದನ್ನು ಓದಬಲ್ಲವನೇ ಕಾಗದವನ್ನು ಸುತ್ತಿ ಮರೆಮಾಡುತ್ತಾನೆ.

ಇಷ್ಟಾದರೂ, ತನ್ನ ಮದುವೆಯ ದಿನ ನೋವಿಲ್ಲದೆ ಇರಬೇಕೆಂದೋ, ದೂರದ ಪ್ರಯಾಣದಲ್ಲಿ ತೊಂದರೆ ಬೇಡವೆಂದೋ ಹೆಣ್ಣುಮಗಳು ತಾನಾಗಿಯೇ ಬಯಸಿದರೆ, ಅದನ್ನು ನಿಷೇಧಿಸಲು ಯಾರಿಗೂ ಅಧಿಕಾರವಿಲ್ಲ. ಅವಳು ಎರಡು ವಾರ ಮೊದಲೇ ಡಾಕ್ಟರನ್ನು ಕಂಡು, ತನ್ನ ಹಿಂದಿನ ರೋಗಗಳನ್ನೂ ಈಗ ಸೇವಿಸುತ್ತಿರುವ ಔಷಧಗಳನ್ನೂ ಹೇಳಿ, ಬೇಕಿದ್ದಲ್ಲಿ ಗರ್ಭಪರೀಕ್ಷೆಯನ್ನು ಮಾಡಿಸಿಕೊಂಡು, ಚೀಟಿಯಲ್ಲಿ ಬರೆದಷ್ಟನ್ನೇ ಬರೆದಷ್ಟು ದಿನ ತೆಗೆದುಕೊಳ್ಳಲಿ. ಅತ್ತೆಯ ಬೆರಳೆಣಿಕೆಯಲ್ಲಿ ಅವಳ ಇಷ್ಟವನ್ನು ಕೇಳುವ ಬೆರಳು ಒಂದಾದರೂ ಇರಲಿ. ತೀರ್ಥಸ್ನಾನವೊಂದೇ ಚಿಂತೆಯಾದರೆ, ತುಲಾಸ್ನಾನವು ಸಂಕ್ರಮಣದ ಒಂದು ದಿನಕ್ಕೆ ಮುಗಿಯುವುದಿಲ್ಲ. ಕಿರುಸಂಕ್ರಮಣದವರೆಗೆ ಇಡೀ ತಿಂಗಳೂ ಭಾಗಮಂಡಲದ ಸಂಗಮದಲ್ಲಿ ಜನರು ಮಿಂದು ತಲಕಾವೇರಿಗೆ ಏರುತ್ತಲೇ ಇರುವರು.