ನೆಲ ಡೊಂಕಾಗಿದ್ದರೂ ಕುಣಿತಕ್ಕೆ ಅಂಕ ಉಂಟು



2022ರಲ್ಲಿ ಮಗಳ ಬಾಣಂತನಕ್ಕೆಂದು ನಾನೂ ನನ್ನಾಕೆಯೂ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಹೋಗಿ ಕೆಲವು ತಿಂಗಳು ಇದ್ದು ಬಂದ ಸಂಗತಿ ನಿಮ್ಮಲ್ಲಿ ಬಹುಮಂದಿಗೆ ಗೊತ್ತಿದೆ. ಹೆರಿಗೆಗೆ ಮುನ್ನ ಒಂದು ದಿನ ಮನೆ ಬಾಗಿಲಿಗೆ ದೊಡ್ಡದೊಂದು ರಟ್ಟಿನ ಪೆಟ್ಟಿಗೆ ಬಂದಿತು. ಒಳಗೆ ಹಸುಗೂಸಿಗೆ ಬೇಕಾದ ಬಟ್ಟೆ, ಹೊದಿಕೆ, ಥರ್ಮಾಮೀಟರ್, ಪುಸ್ತಕ, ತಳಕ್ಕೊಂದು ಪುಟ್ಟ ಹಾಸಿಗೆ. 2017ರಿಂದ ಅಲ್ಲಿನ ಸರಕಾರ, ಹೆತ್ತವರು ಬಡವರೋ ಶ್ರೀಮಂತರೋ ಎಂದು ಕೇಳದೆ, ಪ್ರತಿ ಮಗುವಿಗೂ ಕೊಡುತ್ತ ಬಂದ ಉಡುಗೊರೆಯಿದು. ‘ತೊಟ್ಟಿಲೂ ಸರಕಾರದ್ದೇ ಆಯಿತಲ್ಲ!’ ಎಂದು ನನ್ನಾಕೆ ನಕ್ಕಳು. ನನ್ನ ತಲೆಯಲ್ಲಿ ಮಾತ್ರ ಬೇರೆಯೇ ಪ್ರಶ್ನೆ. ಲಂಡನ್ನಿನ ಸರಕಾರ ವರ್ಷಗಟ್ಟಲೆ ಮಿತವ್ಯಯದ ಹೆಸರಿನಲ್ಲಿ ಕೈ ಬಿಗಿಹಿಡಿದಿದ್ದಾಗ ಇವರು ಇದನ್ನೆಲ್ಲ ಹೇಗೆ ನಡೆಸಿದರು?

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1997ರ ಜನಮತಗಣನೆಯ ಫಲವಾಗಿ 1999ರಲ್ಲಿ ಎಡಿನ್‌ಬರೋ ನಗರದಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಆರಂಭವಾಯಿತು. ಆರೋಗ್ಯ, ಶಿಕ್ಷಣ, ಸ್ಥಳೀಯ ಆಡಳಿತ ಅದರ ಕೈಗೆ ಬಂದವು. ಆದರೆ ಹಣದ ಬಹುಪಾಲು ಲಂಡನ್ನಿನಿಂದಲೇ ಬರಬೇಕು. ಇಂಗ್ಲೆಂಡಿನಲ್ಲಿ ಇಂಥ ಸೇವೆಗಳ ವೆಚ್ಚ ಏರಿದರೆ ಅಥವಾ ಇಳಿದರೆ, ಜನಸಂಖ್ಯೆಗೆ ಅನುಗುಣವಾಗಿ ಸ್ಕಾಟ್ಲೆಂಡಿನ ಅನುದಾನವೂ ಏರಿಳಿಯುತ್ತದೆ. ಇದನ್ನು ಬಾರ್ನೆಟ್ ಸೂತ್ರವೆನ್ನುತ್ತಾರೆ. 2010ರಲ್ಲಿ ಅರ್ಥಮಂತ್ರಿ ಜಾರ್ಜ್ ಆಸ್ಬರ್ನ್ ಕತ್ತರಿ ಹಿಡಿದಾಗ ಎಡಿನ್‌ಬರೋದ ಬೊಕ್ಕಸವೂ ತಾನಾಗಿಯೇ ಸೊರಗಿತು. ಆಗ ಆಯವ್ಯಯದ ನಿತ್ಯದ ಖರ್ಚಿಗೆ ಬೇಕಾದಷ್ಟು ಸಾಲ ಎತ್ತುವ ಸ್ವಾತಂತ್ರ್ಯವಾಗಲಿ, ಆದಾಯ ತೆರಿಗೆಯ ಹಂತಗಳನ್ನು ತಾನೇ ಗೊತ್ತುಮಾಡುವ ಅಧಿಕಾರವಾಗಲಿ ಅದಕ್ಕಿರಲಿಲ್ಲ. ನೆಲ ನಿಜವಾಗಿಯೂ ಡೊಂಕಾಗಿತ್ತು.

ಹೀಗಿದ್ದೂ 2007ರಲ್ಲಿ ಅಧಿಕಾರಕ್ಕೆ ಬಂದಿದ್ದ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯ ಸರಕಾರ ಕೆಲವು ಕೆಲಸಗಳನ್ನು ಮೆಚ್ಚುವಂತೆ ಮಾಡಿತು. 2011ರಲ್ಲಿ ವೈದ್ಯರು ಬರೆದ ಔಷಧಿಗೆ ಶುಲ್ಕ ರದ್ದಾಯಿತು. 2012ರಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ವಾರ್ಷಿಕ ಶುಲ್ಕ 9,000 ಪೌಂಡುಗಳವರೆಗೆ ಏರಿದಾಗ ಇಲ್ಲಿನ ಮಕ್ಕಳಿಗೆ ಬೋಧನಾ ಶುಲ್ಕವೇ ಇರಲಿಲ್ಲ. 2013ರಲ್ಲಿ ಸರಕಾರಿ ಬಾಡಿಗೆ ಮನೆಯಲ್ಲಿ ಒಂದು ಕೋಣೆ ಹೆಚ್ಚಿದೆಯೆಂದು ಲಂಡನ್ ಬಡವರ ನೆರವನ್ನು ಕಡಿದಾಗ, ಎಡಿನ್‌ಬರೋ ತನ್ನ ಹಣದಿಂದ ಆ ಕೊರತೆಯನ್ನು ತುಂಬಲು ಮುಂದಾಯಿತು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು 2021ರಲ್ಲಿ ಆರಂಭವಾದ ಮಕ್ಕಳ ಭತ್ಯೆ. ಬಡ ಕುಟುಂಬದ ಮಗುವಿಗೆ ವಾರಕ್ಕೆ 10 ಪೌಂಡ್ ಇದ್ದದ್ದು 2022ರ ನವೆಂಬರಿನಲ್ಲಿ 25 ಪೌಂಡ್ ಆಯಿತು. 16 ವರ್ಷ ತುಂಬದ ಮಕ್ಕಳಿಗೆಲ್ಲ ವಿಸ್ತರಿಸಿತು.

ಇಷ್ಟಕ್ಕೇ ಪೂರ್ಣ ಅಂಕ ಕೊಟ್ಟುಬಿಟ್ಟರೆ ನಾನು ಮೇಷ್ಟ್ರಾಗಿದ್ದದ್ದು ವ್ಯರ್ಥ. ಉಚಿತವೆಂಬುದಕ್ಕೆ ಯಾರೋ ಬೆಲೆ ತೆತ್ತಿರಲೇಬೇಕು. ವಿಶ್ವವಿದ್ಯಾಲಯದ ಶುಲ್ಕವಿಲ್ಲ, ನಿಜ. ಆದರೆ ಸ್ಥಳೀಯ ವಿದ್ಯಾರ್ಥಿಗಳ ಸೀಟುಗಳಿಗೆ ಮಿತಿ ಬಿದ್ದಿತು, 2013ರಲ್ಲಿ ಬಡ ವಿದ್ಯಾರ್ಥಿಗಳ ಸಹಾಯಧನ ಕಡಿಮೆಯಾಯಿತು. ದುಡಿಯುತ್ತ ಓದುವವರು ಆಶ್ರಯಿಸಿದ್ದ ಕಾಲೇಜುಗಳ ಅರೆಕಾಲಿಕ ತರಗತಿಗಳು ಬಹಳಷ್ಟು ಮುಚ್ಚಿದವು. ಮನೆತೆರಿಗೆಯನ್ನು 2008ರಿಂದ 2017ರವರೆಗೆ ಏರಿಸಲಿಲ್ಲ. ದೊಡ್ಡ ಮನೆಯವರಿಗೆ ಹೆಚ್ಚು ಉಳಿತಾಯವಾಯಿತು, ಶಾಲೆ ಮತ್ತು ಗ್ರಂಥಾಲಯಗಳನ್ನು ನಡೆಸಬೇಕಾದ ಸ್ಥಳೀಯ ಸಂಸ್ಥೆಗಳ ಕೈ ಕಟ್ಟಿದಂತಾಯಿತು. 2020ರಲ್ಲಿ ಮಾದಕ ವಸ್ತುಗಳಿಂದ ಸತ್ತವರು 1,339 ಮಂದಿ. ಈ ವಿಷಯದಲ್ಲಿ ತಮ್ಮ ಗಮನ ತಪ್ಪಿತ್ತೆಂದು ಪ್ರಥಮ ಮಂತ್ರಿ ನಿಕೋಲಾ ಸ್ಟರ್ಜನ್ ಅವರೇ 2021ರಲ್ಲಿ ಒಪ್ಪಿಕೊಂಡರು. ದ್ವೀಪಗಳ ಜನರಿಗಾಗಿ 2015ರಲ್ಲಿ 97 ದಶಲಕ್ಷ ಪೌಂಡುಗಳಿಗೆ ಎರಡು ಹಡಗು ಕಟ್ಟಲು ಒಪ್ಪಂದವಾಯಿತು. 2018ರಲ್ಲಿ ಬರಬೇಕಿದ್ದ ಹಡಗುಗಳ ಪೈಕಿ ಮೊದಲನೆಯದು ಪ್ರಯಾಣ ಆರಂಭಿಸಿದ್ದು 2025ರ ಜನವರಿಯಲ್ಲಿ, ಅದೂ ಖರ್ಚು ಹಲವು ಪಟ್ಟು ಬೆಳೆದ ಮೇಲೆ.

ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಮಾತ್ರ ಪರೀಕ್ಷೆಯ ಪ್ರಸಂಗ. ಶಿಕ್ಷಣದ ವಿಷಯದಲ್ಲಿ ತಮ್ಮನ್ನು ಅಳೆಯಿರಿ ಎಂದು ಸ್ಟರ್ಜನ್ 2015ರಲ್ಲಿ ತಾವಾಗಿಯೇ ಹೇಳಿದ್ದರು. 2020ರಲ್ಲಿ ಕೊರೋನಾದಿಂದ ಪರೀಕ್ಷೆಗಳು ರದ್ದಾದಾಗ ಶಿಕ್ಷಕರು ಅಂದಾಜು ಶ್ರೇಣಿಗಳನ್ನು ಬರೆದು ಕಳಿಸಿದರು. ಪರೀಕ್ಷಾ ಮಂಡಳಿಯು ಆಯಾ ಶಾಲೆಯ ಹಿಂದಿನ ಫಲಿತಾಂಶಗಳನ್ನು ನೋಡಿ ಸುಮಾರು 1,24,000 ಶ್ರೇಣಿಗಳನ್ನು ಇಳಿಸಿತು. ಹೈಯರ್ ಪರೀಕ್ಷೆಯಲ್ಲಿ ತೀರ ಬಡ ಬಡಾವಣೆಗಳ ಉತ್ತೀರ್ಣತೆ, ಶಿಕ್ಷಕರು ಅಂದಾಜಿಸಿದ್ದಕ್ಕಿಂತ ಶೇಕಡಾ 15ರಷ್ಟು ಅಂಶ ಕುಸಿಯಿತು. ಸಿರಿವಂತ ಬಡಾವಣೆಗಳಲ್ಲಿ 7ರಷ್ಟು ಮಾತ್ರ. ಜಾಣ ಮಗುವೊಂದು ಬಡ ಶಾಲೆಯಲ್ಲಿ ಓದಿದ್ದಕ್ಕೆ ಅದರ ಅಂಕ ಕಡಿಯುವುದೇ? ಮಕ್ಕಳು ಬೀದಿಗಿಳಿದರು. ಒಂದು ವಾರದಲ್ಲಿ ಸರಕಾರ ಕ್ಷಮೆ ಕೇಳಿ, ಶಿಕ್ಷಕರ ಶ್ರೇಣಿಗಳನ್ನೇ ಊರ್ಜಿತಗೊಳಿಸಿತು. ಇಂಗ್ಲೆಂಡಿನಲ್ಲೂ ಇದೇ ತಪ್ಪು ನಡೆದು ಹಿಂತೆಗೆದುಕೊಂಡರೆನ್ನುವುದು ಸಮಾಧಾನವಲ್ಲ. ಈ ತಪ್ಪಿಗೂ ಲಂಡನ್ನಿನ ಕತ್ತರಿಗೂ ಯಾವ ಸಂಬಂಧವೂ ಇರಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆ ನಮ್ಮದು. ಅದು ಅರ್ಧ ಸತ್ಯ. ನೆಲ ಡೊಂಕಾಗಿರುವುದೂ ಉಂಟು. ಆಗ ಅದನ್ನು ಡೊಂಕು ಮಾಡಿದವರನ್ನು ಕೇಳಲೇಬೇಕು. ಆದರೆ ಆ ನೆಲದ ಮೇಲೆಯೇ ಒಂದು ಹೆಜ್ಜೆ ಸರಿ, ಇನ್ನೊಂದು ತಪ್ಪು ಬಿದ್ದರೆ, ತಪ್ಪಿದ್ದಕ್ಕೆಲ್ಲ ನೆಲವೇ ಹೊಣೆಯಾಗದು. ನನ್ನ ತರಗತಿಯಲ್ಲಿ ಪುಸ್ತಕ ಕೊಳ್ಳಲಾರದ ಹುಡುಗರಿದ್ದರು. ಅವರ ಕಷ್ಟ ಬಲ್ಲೆನಾದ್ದರಿಂದ ಉತ್ತರ ಪತ್ರಿಕೆಯನ್ನು ಓದದೆ ಅಂಕ ಕೊಡಲಿಲ್ಲ. ಇನ್ನಷ್ಟು ಗಮನವಿಟ್ಟು ಓದಿದೆ. ಹಾಗೆ ಓದಿದಾಗ ಈ ಸರಕಾರಕ್ಕೆ ಮಕ್ಕಳ ಭತ್ಯೆಯಲ್ಲಿ ಪ್ರಥಮ ದರ್ಜೆ ಕೊಡುತ್ತೇನೆ. ತಾನೇ ಆರಿಸಿಕೊಂಡ ಶಿಕ್ಷಣದ ಪತ್ರಿಕೆಯಲ್ಲಿ ‘ಇನ್ನೂ ಶ್ರಮಿಸಬೇಕು’ ಎಂದು ಷರಾ ಬರೆಯುತ್ತೇನೆ.

2024ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದ ಮಂತ್ರಿಗಳು ತೆರಿಗೆ ಪಾಲಿಗಾಗಿ ದೆಹಲಿಯ ಜಂತರ್ ಮಂತರ್‌ನಲ್ಲಿ ಕುಳಿತಾಗ ನನಗೆ ನೆನಪಾದದ್ದು ಗ್ಲಾಸ್ಗೋದ ಆ ರಟ್ಟಿನ ಪೆಟ್ಟಿಗೆ. ಪಾಲು ಕೇಳುವುದು ನ್ಯಾಯ. ಬಂದ ಪಾಲಿನಲ್ಲಿ ಬಡ ಮಗುವಿಗೆ ಎಷ್ಟು ಮುಟ್ಟಿತೆಂದು ಕೇಳುವುದೂ ಅಷ್ಟೇ ನ್ಯಾಯ. ಈ ಎರಡನೆಯ ಪ್ರಶ್ನೆಯನ್ನು ಕೇಳಬೇಕಾದವರು ನಾವು, ನೀವು.

ನಿಮ್ಮಲ್ಲಿ ಆ ದೇಶದಲ್ಲೇ ನೆಲೆಸಿರುವವರು ನನ್ನ ಮಾತಿನಲ್ಲಿ ತಪ್ಪು ಕಂಡರೆ ಸಂಕೋಚವಿಲ್ಲದೆ ತಿದ್ದಿರಿ. ಕೆಂಪು ಶಾಯಿ ಒಬ್ಬ ಮೇಷ್ಟ್ರ ಸೊತ್ತೇನಲ್ಲ.