ಶುಭೋದಯದ ಗುಲಾಬಿಗೂ ಬಾಡಿಗೆ ಕಟ್ಟಬೇಕೆ?

‘ಸ್ಟೋರೇಜ್ ತುಂಬುತ್ತಿದೆ, ಹೆಚ್ಚಿಗೆ ಜಾಗ ಖರೀದಿಸಿ’ ಎಂಬ ಸೂಚನೆ ಈಗ ಊರೂರಿನ ಮೊಬೈಲಿಗೂ ಬರುತ್ತಿದೆ. ಅದಕ್ಕೆ ಎಲ್ಲರೂ ಕೊಡುವ ಸಲಹೆ ಒಂದೇ: ‘ತಿಂಗಳಿಗೆ 130 ರೂಪಾಯಿ ತಾನೆ, ಕಟ್ಟಿಬಿಡಿ, ತಲೆನೋವು ಹೋಗುತ್ತೆ.’ ಮೊಬೈಲ್ ಅಂಗಡಿಯವರು ಹೇಳುವುದೂ ಇದನ್ನೇ, ಹಬ್ಬಕ್ಕೆ ಬೆಂಗಳೂರಿನಿಂದ ಬಂದ ಮಕ್ಕಳು ಹೇಳುವುದೂ ಇದನ್ನೇ. ಕಟ್ಟಬೇಡಿ ಅಂತೀವಿ ನಾವು. ಒಳಗೆ ಏನೇನು ಇಟ್ಟಿದ್ದೀರಿ ಎಂದು ಒಮ್ಮೆ ನೋಡುವ ತನಕವಾದರೂ ಕಟ್ಟಬೇಡಿ.

130 ರೂಪಾಯಿ ಅಂದರೆ ವರ್ಷಕ್ಕೆ 1,560. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ನಾಲ್ಕು ದಿನ ಬಿಸಿಲಲ್ಲಿ ಬದು ಹಾಕಿದರೂ ಈ ಬಾಡಿಗೆಗೆ ಸಾಲದು. ‘ಎರಡು ಚಹಾದ ದುಡ್ಡು’ ಅನ್ನುವವರು ಈ ಲೆಕ್ಕ ಹಾಕಿರುವುದಿಲ್ಲ.

ಕ್ಲೌಡ್ ಅಂದರೆ ಆಕಾಶದಲ್ಲಿ ಏನೂ ಇಲ್ಲ. ಯಾವುದೋ ಊರಿನ ಕಟ್ಟಡದಲ್ಲಿ ಹಗಲೂ ರಾತ್ರಿ ಓಡುವ ಕಂಪ್ಯೂಟರುಗಳ ಗೋದಾಮು ಅದು. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಇಡುವ ರೈತ ಚೀಲಕ್ಕೆ ಬಾಡಿಗೆ ಎಷ್ಟು ಎಂದು ಮೊದಲೇ ಕೇಳುತ್ತಾನೆ. ಬಣ್ಣ ಹೋದ ಕಾಯಿ, ಕೊಳೆತ ಕಾಯಿ ಆರಿಸಿ ಬಿಸಾಕಿ ಒಳ್ಳೆಯದನ್ನಷ್ಟೇ ಒಳಗಿಡುತ್ತಾನೆ. ಅದೇ ರೈತನ ಫೋನು ಮಾತ್ರ ಗ್ರೂಪಿಗೆ ಬಂದ ಶುಭೋದಯದ ಗುಲಾಬಿ, ಜಾತ್ರೆಯ ಅಲುಗಾಡುವ ವಿಡಿಯೊ, ಯಾರದೋ ಹುಟ್ಟುಹಬ್ಬದ ಬ್ಯಾನರು ಎಲ್ಲವನ್ನೂ ಅವನನ್ನು ಕೇಳದೆ ಗೋದಾಮಿಗೆ ಸಾಗಿಸುತ್ತಿರಬಹುದು. ಫೋನು ಕೊಂಡ ದಿನ ಅಂಗಡಿಯವರು ‘ಓಕೆ, ಓಕೆ’ ಒತ್ತಿಕೊಟ್ಟರಲ್ಲ, ಅದರಲ್ಲೇ ಈ ಒಪ್ಪಿಗೆಯೂ ಸೇರಿಹೋಗಿರಬಹುದು.

ಅಭ್ಯಾಸ ಮಾಡಿಸಿದವರು ಯಾರು? 2015ರಲ್ಲಿ ಗೂಗಲ್ ಫೋಟೋಸ್ ಬಂದಾಗ ಸ್ವಲ್ಪ ಕುಗ್ಗಿಸಿದ ಫೋಟೊಗಳನ್ನು ಎಷ್ಟು ಬೇಕಾದರೂ ಪುಕ್ಕಟೆ ಇಡಬಹುದಿತ್ತು. 2021ರ ಜೂನ್ 1ರಿಂದ ಅದು ನಿಂತಿತು. ಅಂದಿನಿಂದ ಏರಿಸಿದ ಫೋಟೊ, ಜಿಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ ಲೆಕ್ಕಕ್ಕೆ ಬಿದ್ದವು. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಈ ಲೆಕ್ಕದ ಹೊರಗಿತ್ತು, 2024ರ ಹೊತ್ತಿಗೆ ಅದನ್ನೂ ಒಳಗೆ ತಂದರು. ಹೀಗಾಗಿ ಒಂದೇ ವಿಡಿಯೊ ಫೋಟೋಸಿನಲ್ಲೊಮ್ಮೆ, ವಾಟ್ಸಾಪ್ ಬ್ಯಾಕಪ್ಪಿನಲ್ಲೊಮ್ಮೆ ಎರಡು ಸಲ ಜಾಗ ತಿನ್ನಬಹುದು.

15 ಜಿಬಿ ತುಂಬಿದರೆ ಫೋಟೊ ಮಾತ್ರ ನಿಲ್ಲುವುದಲ್ಲ, ಜಿಮೇಲಿಗೆ ಹೊಸ ಮೇಲ್ ಬರುವುದೂ ನಿಲ್ಲುತ್ತದೆ. ಕೆಲಸಕ್ಕೆ ಅರ್ಜಿ ಹಾಕಿ ಸಂದರ್ಶನದ ಕರೆಗೆ ಕಾಯುತ್ತಿರುವ ಹುಡುಗಿಗೆ ಇದು ಸಣ್ಣ ವಿಷಯವೇ? ಕರೆ ಬಂದು ವಾಪಸ್ ಹೋಗಿದ್ದು ಅವಳಿಗೆ ಗೊತ್ತೂ ಆಗುವುದಿಲ್ಲ.

ಈಗ ಬಲೆ ಇನ್ನೂ ದೊಡ್ಡದಾಗಿದೆ. 2025ರ ಮೇನಲ್ಲಿ ಏರ್‌ಟೆಲ್ ತನ್ನ ಪೋಸ್ಟ್‌ಪೇಯ್ಡ್, ವೈಫೈ ಗ್ರಾಹಕರಿಗೆ 100 ಜಿಬಿ ಆರು ತಿಂಗಳು ಪುಕ್ಕಟೆ ಎಂದಿತು. ಆಮೇಲೆ ಬೇಡ ಅನ್ನದಿದ್ದರೆ ಬಿಲ್ಲಿಗೆ ತಿಂಗಳಿಗೆ 125 ರೂಪಾಯಿ ಸೇರುತ್ತದೆ ಎಂಬುದು ಷರತ್ತಾಗಿತ್ತು. ಅದೇ ಅಕ್ಟೋಬರಿನಲ್ಲಿ ಜಿಯೋ ಗೂಗಲ್ಲಿನ ಎಐ ಪ್ಲಾನನ್ನು 2 ಟಿಬಿ ಜಾಗದ ಸಮೇತ 18 ತಿಂಗಳು ಪುಕ್ಕಟೆ ಘೋಷಿಸಿತು. ಇದರ ಬೆಲೆ 35,100 ರೂಪಾಯಿ ಎಂದು ಅವರೇ ಹೇಳಿಕೊಂಡರು. ಭಾಗಿಸಿ ನೋಡಿ, ತಿಂಗಳಿಗೆ 1,950. ಹದಿನೆಂಟು ತಿಂಗಳು ಎಲ್ಲವನ್ನೂ ಸುರಿದು 200 ಜಿಬಿ ತುಂಬಿಸಿದವನು ಮರಳಿ 15 ಜಿಬಿಗೆ ಇಳಿಯುವುದು ಹೇಗೆ? ಮಗಳ ಮದುವೆ ಫೋಟೊ ಒಳಗಿರುವಾಗ ಚೌಕಾಸಿ ಮಾಡುವ ಶಕ್ತಿ ಯಾರಿಗಿರುತ್ತದೆ?

‘ಕಂಪನಿಗೂ ಕರೆಂಟು, ಕಟ್ಟಡದ ಖರ್ಚಿಲ್ಲವೇ’ ಎಂದು ಕೇಳುವವರಿದ್ದಾರೆ. ಇದೆ, ಒಪ್ಪುತ್ತೇವೆ. ಬಾಡಿಗೆ ಕೇಳುವುದಕ್ಕೆ ನಮ್ಮ ತಕರಾರಿಲ್ಲ. ಚೀಲ ಒಳಗಿಡಿಸಿಕೊಂಡು ಬಾಗಿಲು ಹಾಕಿದ ಮೇಲೆ ರೇಟು ಹೇಳುವುದಕ್ಕೆ ತಕರಾರು.

ಹಾಗಾಗಿ ಈ ಭಾನುವಾರ ಅರ್ಧ ಗಂಟೆ ಕೂತುಕೊಳ್ಳಿ. ಗೂಗಲ್ ಫೋಟೋಸಿನ ಬ್ಯಾಕಪ್ ಸೆಟ್ಟಿಂಗಿನಲ್ಲಿ ಯಾವ ಫೋಲ್ಡರುಗಳು ಹೋಗುತ್ತಿವೆ ನೋಡಿ, ವಾಟ್ಸಾಪಿನ ಫೋಲ್ಡರ್ ಇದ್ದರೆ ಆಫ್ ಮಾಡಿ. ವಾಟ್ಸಾಪಿನಲ್ಲಿ ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್‌ಗೆ ಹೋಗಿ ವಿಡಿಯೊ ಸೇರಿಸುವ ಗುಂಡಿ ಆರಿಸಿ. ಆಮೇಲೆ ದೊಡ್ಡ ವಿಡಿಯೊಗಳನ್ನು ಹುಡುಕಿ ಅಳಿಸಿ. ಇಲ್ಲೊಂದು ಎಚ್ಚರ: ಫೋಟೋಸ್ ಆಪಿನಲ್ಲಿ ಅಳಿಸಿದರೆ ಫೋನಿನಿಂದಲೂ ಹೋಗುತ್ತದೆ. ಬೇಕಾದದ್ದನ್ನು ಮೊದಲು ಪೆನ್‌ಡ್ರೈವಿಗೋ ಮನೆಯ ಕಂಪ್ಯೂಟರಿಗೋ ಹಾಕಿಕೊಳ್ಳಿ. ಅಳಿಸಿದ್ದು ಬಿನ್‌ನಲ್ಲಿ 60 ದಿನ ಕೂತಿರುತ್ತದೆ, ಅಲ್ಲಿದ್ದರೂ ಜಾಗದ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಬಿನ್ನನ್ನೂ ಖಾಲಿ ಮಾಡಿ. ಅಂಕಪಟ್ಟಿ, ಆಧಾರ್‌ನಂಥ ಕಾಗದಗಳಿಗೆ ಸರ್ಕಾರದ ಡಿಜಿಲಾಕರ್ ಇದೆ, ಅದಕ್ಕೆ ದುಡ್ಡಿಲ್ಲ. ಇಷ್ಟೆಲ್ಲ ಮಾಡಿಯೂ ಜಾಗ ಸಾಲದಿದ್ದರೆ, ಸ್ಟುಡಿಯೊ ನಡೆಸುವವರಿಗೆ ಸಾಲದಿರಬಹುದು, ಆಗ ಧಾರಾಳವಾಗಿ ಕಟ್ಟಿ.

ಈಗಾಗಲೇ ಕಟ್ಟುತ್ತಿರುವವರು ಯುಪಿಐ ಆಪಿನ ಆಟೊಪೇ ಪಟ್ಟಿ ತೆರೆದು ನೋಡಿ. ಬೇಡವಾದದ್ದನ್ನು ಅಲ್ಲೇ ರದ್ದು ಮಾಡಬಹುದು. ದುಡ್ಡು ಕಡಿತವಾಗುವ 24 ಗಂಟೆ ಮೊದಲು ತಿಳಿಸಬೇಕು ಎಂಬ ನಿಯಮವಿದೆ ನಿಜ. ಆ ಸಂದೇಶ ಇಂಗ್ಲಿಷಿನಲ್ಲಿ ಬಂದರೆ ನಮ್ಮ ಅಜ್ಜ ಅಜ್ಜಿಯರಿಗೆ ತಿಳಿಸಿದಂತಾಯಿತೇ?

ಕಂಪನಿಗಳಿಂದ ನಮಗೆ ಬೇಕಾಗಿರುವುದು ದೊಡ್ಡದೇನಲ್ಲ. ಪುಕ್ಕಟೆ ಕೊಡುವ ದಿನವೇ, ಅದು ಮುಗಿದ ಮೇಲಿನ ತಿಂಗಳ ಬೆಲೆಯನ್ನು ಕನ್ನಡದಲ್ಲಿ, ‘ಪುಕ್ಕಟೆ’ ಎಂದು ಬರೆದಷ್ಟೇ ದೊಡ್ಡ ಅಕ್ಷರದಲ್ಲಿ ತೋರಿಸಲಿ. ಅವಧಿ ಮುಗಿದಾಗ ನಾವು ಬೇಕು ಎಂದರೆ ಮಾತ್ರ ಬಿಲ್ಲು ಶುರುವಾಗಲಿ. ಸುಮ್ಮನಿದ್ದವರ ಮೌನವನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದನ್ನು ಟ್ರಾಯ್ ಆಗಲಿ, ಗ್ರಾಹಕ ವ್ಯವಹಾರಗಳ ಇಲಾಖೆಯಾಗಲಿ ತಡೆಯಬೇಕು.