ಬೆಟ್ಟ ಯಾರಪ್ಪನ ಸೊತ್ತು?

ಬೆಟ್ಟ ಹತ್ತುವುದು ಹೊಟ್ಟೆ ತುಂಬಿದವರ ಹವ್ಯಾಸ, ಹೆಂಡಿರು ಮಕ್ಕಳನ್ನು ಸಾಕಬೇಕಾದ ದುಡಿಮೆಗಾರನಿಗೆ ಅದೇಕೆ ಎಂದು ಕೇಳುವವರಿದ್ದಾರೆ. ಅಂಥವರಿಗೆ ಉತ್ತರವಾಗಿ ನಾವು ಈ ವಾರ ಬೆನ್ನಿ ರಾತ್‌ಮನ್ನರ ಬಾಳನ್ನು ನೆನೆಯುತ್ತೇವೆ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದು ನಾವು ಹೆಮ್ಮೆಪಟ್ಟ ಕಾಲವೊಂದಿತ್ತು. ಇಂಗ್ಲೆಂಡಿನ ಆ ಮೂಲ ಮ್ಯಾಂಚೆಸ್ಟರಿನಲ್ಲಿ, ರುಮೇನಿಯಾದಿಂದ ವಲಸೆ ಬಂದ ಬಡ ಯೆಹೂದಿ ಕುಟುಂಬದಲ್ಲಿ, 1911ರಲ್ಲಿ ಬೆನ್ನಿ ಹುಟ್ಟಿದರು. ತಂದೆ ಸಂತೆಯಲ್ಲಿ ಅಂಗಡಿ ಹಾಕುತ್ತಿದ್ದ ಸಣ್ಣ ವ್ಯಾಪಾರಿ. ಓದಿನಲ್ಲಿ ಮುಂದಿದ್ದರೂ ಬಡತನದ ದೆಸೆಯಿಂದ ಶಾಲೆ ಬಿಟ್ಟು ಮೋಟಾರು ಗ್ಯಾರೇಜಿನ ಕೆಲಸಕ್ಕೆ ಸೇರಬೇಕಾಯಿತು. ವಾರವೆಲ್ಲ ಹೊಗೆ, ಎಣ್ಣೆ, ಮಸಿ. ರಜೆ ಬಂದರೆ ಸೈಕಲ್ಲು ತುಳಿದು ಬೆಟ್ಟದ ದಾರಿ ಹಿಡಿಯುವುದು. ಅವರಂತೆಯೇ ಸಾವಿರಾರು ಕೂಲಿಕಾರರು ಭಾನುವಾರದ ಶುದ್ಧ ಗಾಳಿಗಾಗಿ ಊರಾಚೆ ಹೊರಡುತ್ತಿದ್ದರು.

ಆದರೆ ಬೆಟ್ಟಕ್ಕೂ ಧಣಿಗಳಿದ್ದರು! ಮ್ಯಾಂಚೆಸ್ಟರಿಗೂ ಷೆಫೀಲ್ಡಿಗೂ ನಡುವೆ ಕಿಂಡರ್ ಸ್ಕೌಟ್ ಎಂಬ 636 ಮೀಟರು ಎತ್ತರದ ಬೆಟ್ಟವಿದೆ. ಅದು ಅಂದು ಡೆವನ್‌ಶೈರ್ ಡ್ಯೂಕರ ಬೇಟೆಯ ನೆಲ. ವರ್ಷದಲ್ಲಿ ಕೆಲವೇ ದಿನ ಶ್ರೀಮಂತರು ಅಲ್ಲಿ ಹಕ್ಕಿ ಹೊಡೆಯುತ್ತಿದ್ದರು. ಅದಕ್ಕಾಗಿ ವರ್ಷವಿಡೀ ಕಾವಲುಗಾರರು ದೊಣ್ಣೆ ಹಿಡಿದು ಬಡವರನ್ನು ಅಟ್ಟುತ್ತಿದ್ದರು.

1932ರ ಏಪ್ರಿಲ್ 24ರ ಭಾನುವಾರ, ಇಪ್ಪತ್ತರ ಹರೆಯದ ಬೆನ್ನಿಯ ಮುಂದಾಳುತನದಲ್ಲಿ ಸುಮಾರು 400 ಮಂದಿ ಹೇಫೀಲ್ಡ್ ಎಂಬ ಹಳ್ಳಿಯಿಂದ ಹೊರಟು ಆ ಬೆಟ್ಟ ಹತ್ತಿದರು. ಕಾವಲುಗಾರರೊಡನೆ ತಳ್ಳಾಟವಾಯಿತು. ಇಳಿದು ಬರುವಾಗ ಪೊಲೀಸರು ಕಾದಿದ್ದರು. ಪರರ ನೆಲದ ಮೇಲೆ ನಡೆದ ಮಾತ್ರಕ್ಕೆ ಜೈಲಿಗೆ ಹಾಕಲು ಅಂದಿನ ಕಾನೂನಿನಲ್ಲಿ ಅವಕಾಶವಿರಲಿಲ್ಲ. ಆದ್ದರಿಂದ ಗಲಭೆಯ ಆರೋಪ ಹೊರಿಸಲಾಯಿತು. ಜ್ಯೂರಿಯಲ್ಲಿ ಕುಳಿತವರು ಸೇನಾಧಿಕಾರಿಗಳು, ಹಳ್ಳಿಗಾಡಿನ ದೊಡ್ಡ ಮನುಷ್ಯರು. ಐವರಿಗೆ ಜೈಲಾಯಿತು, ಬೆನ್ನಿಗೆ ನಾಲ್ಕು ತಿಂಗಳು.

ಈ ಸಾಹಸದಿಂದ ಕೆಲಸ ಕೆಟ್ಟಿತೆಂದು ಅಂದಿನ ಚಾರಣ ಸಂಘಗಳ ಹಿರಿಯರೇ ಬೇಸರಪಟ್ಟರು. ಮನವಿ ಕೊಟ್ಟು ಕಾಯಬೇಕೆಂಬುದು ಅವರ ಮತ. ಅವರ ದುಡಿಮೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಕಠಿಣ ಶಿಕ್ಷೆಯ ಸುದ್ದಿ ದೇಶವನ್ನು ಎಚ್ಚರಿಸಿದಷ್ಟು ಮನವಿಗಳು ಎಚ್ಚರಿಸಿರಲಿಲ್ಲ. ಯುದ್ಧಾನಂತರ ಲೇಬರ್ ಸರ್ಕಾರ 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ತಂದಿತು. 1951ರಲ್ಲಿ ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾದದ್ದು ಕಿಂಡರ್ ಬೆಟ್ಟವಿರುವ ಪೀಕ್ ಸೀಮೆಯೇ.

ಬೆನ್ನಿ ಕಮ್ಯೂನಿಸ್ಟರು. ಸಮಾಜವಾದಿಗಳಾದ ನಮಗೂ ಅವರ ಪಕ್ಷಕ್ಕೂ ಇದ್ದ ಮತಭೇದ ಓದುಗರಿಗೆ ಗೊತ್ತು. ಆದರೂ ಮೆಚ್ಚಬೇಕಾದುದನ್ನು ಮೆಚ್ಚದಿರುವುದು ಸಣ್ಣತನ. ಜೈಲಿನಿಂದ ಬಂದವರು ನಾಯಕನ ಗದ್ದುಗೆ ಹುಡುಕಲಿಲ್ಲ. ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಫಿಟ್ಟರಾಗಿ ದುಡಿದರು, ಕಾರ್ಮಿಕ ಸಂಘ ಕಟ್ಟಿದರು, ಮದುವೆಯಾಗಿ ಇಬ್ಬರು ಮಕ್ಕಳನ್ನು ಬೆಳೆಸಿದರು. ಸಂಸಾರದ ಭಾರವನ್ನೂ ಹೊತ್ತರು, ಬೆಟ್ಟದ ಮೋಹವನ್ನೂ ಬಿಡಲಿಲ್ಲ. ಮುಪ್ಪಿನಲ್ಲೂ ಬಯಲಿನ ಹಕ್ಕಿಗಾಗಿ ಸಭೆ ಕೂಡಿಸುತ್ತಲೇ ಇದ್ದರು. ಬೆಟ್ಟ ಬಯಲುಗಳಲ್ಲಿ ಜನ ನಿರ್ಭಯವಾಗಿ ನಡೆಯುವ ಹಕ್ಕನ್ನು ಕೊಟ್ಟ 2000ದ ಕಾನೂನನ್ನು ಕಣ್ಣಾರೆ ಕಂಡು, 2002ರ ಜನವರಿಯಲ್ಲಿ, ತಮ್ಮ 90ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು. ಮೂರು ತಿಂಗಳ ಬಳಿಕ ಆ ಚಾರಣದ 70ನೆಯ ವರ್ಷದ ಸಭೆಯಲ್ಲಿ ಅಂದಿನ ಡ್ಯೂಕರ ಮೊಮ್ಮಗ, ತಾವೂ ಡ್ಯೂಕರಾಗಿದ್ದವರು, ತಮ್ಮ ಅಜ್ಜನದು ತಪ್ಪೆಂದು ಒಪ್ಪಿ ಬಹಿರಂಗವಾಗಿ ಕ್ಷಮೆ ಕೇಳಿದರು. ಕೇಳಲು ಬೆನ್ನಿ ಇರಲಿಲ್ಲ.

ಕೆಲಸ ಮುಗಿಯಿತೆಂದಲ್ಲ. ಆ ಕಾನೂನು ತೆರೆದದ್ದು ಇಂಗ್ಲೆಂಡಿನ ನೆಲದಲ್ಲಿ ಶೇಕಡಾ 8ರಷ್ಟನ್ನು ಮಾತ್ರ. ಆದರೆ ಬೇಲಿ ಶಾಶ್ವತವಲ್ಲ ಎಂಬುದನ್ನು ಒಬ್ಬ ಫಿಟ್ಟರ್ ತೋರಿಸಿಕೊಟ್ಟರು.

ಕಾರ್ಮಿಕ ಬಂಧುಗಳೇ, ವರ್ತಕ ಮಿತ್ರರೇ, ಕೂಲಿ, ಬೋನಸ್ಸು, ತೆರಿಗೆಗಳ ಹೋರಾಟ ಇದ್ದದ್ದೇ. ಆದರೆ ಮನುಷ್ಯ ಅನ್ನದಿಂದ ಮಾತ್ರ ಬಾಳುವುದಿಲ್ಲ. ವಾರಕ್ಕೊಂದು ರಜೆ, ಮಕ್ಕಳ ಕೈಹಿಡಿದು ನಡೆಯಲು ಒಂದಿಷ್ಟು ಬಯಲು, ಇವೂ ನಮ್ಮ ಹಕ್ಕುಗಳೇ. ಮುಂದಿನ ಭಾನುವಾರ ಅಂಗಡಿ ಬಾಗಿಲನ್ನು ಒಂದು ಗಳಿಗೆ ಮುಂಚೆ ಹಾಕಿ, ಮನೆಮಂದಿಯೊಡನೆ ಹತ್ತಿರದ ಗುಡ್ಡ ಹತ್ತಿರಿ. ಬೆನ್ನಿಗೆ ನಾವು ಸಲ್ಲಿಸಬಹುದಾದ ಶ್ರದ್ಧಾಂಜಲಿ ಅದೇ.